ಹಳೆಯ ಗಾಡಿ, ಹೊಸ ಪಾಸಿಂಗು

ಗೋವೆಯ ಕೆಪೆಯ ಸುತ್ತಿನ ಊರುಗಳಲ್ಲಿ, ಕುಡಚಡೆ ಸಾವರ್ಡೆಗಳ ಪೇಟೆಯಲ್ಲಿ, ಸಾಂಗೆಯ ದಾರಿಯ ಇಕ್ಕೆಲಗಳಲ್ಲಿ ನೆಲಸಿರುವ ಕನ್ನಡ ಬಂಧುಗಳೇ, ಇಂದು ನಾನು ಮಾತಿಗೆ ತೆಗೆದುಕೊಂಡಿರುವ ವಿಷಯ ಒಂದೇ. ನಮ್ಮ ಅಂಗಳಗಳಲ್ಲಿ ನಿಂತಿರುವ ಹಳೆಯ ಕಾರು, ಹಳೆಯ ಜೀಪುಗಳನ್ನು ಪರೀಕ್ಷಿಸುವ ನಿಯಮಗಳು ಈಚಿನ ಕೆಲವು ವರ್ಷಗಳಲ್ಲಿ ಹೇಗೆ ಮಾರ್ಪಟ್ಟಿವೆ, ಆ ಮಾರ್ಪಾಡಿನಿಂದ ಅವುಗಳ ಒಡೆಯರಿಗೆ ಏನು ಒದಗಿದೆ, ಎಂಬುದೇ ಆ ವಿಷಯ. ಸರಕಾರದ ಕಾಗದಗಳಲ್ಲಿ ಇದನ್ನು ನೋಂದಣಿಯ ನವೀಕರಣವೆನ್ನುತ್ತಾರೆ. ನಾವು ನೀವು ಗಾಡಿ ಪಾಸಿಂಗು ಎನ್ನುತ್ತೇವೆ.

ಈ ವಿಷಯಕ್ಕೆ ಗೋವೆಯಲ್ಲಿ ವಿಶೇಷವಾದ ತೂಕವುಂಟು. 1961ರ ಡಿಸೆಂಬರ್ 19ರಂದು ವಿಮೋಚನೆಯಾಗುವವರೆಗೆ ಪೋರ್ತುಗೀಜರ ಅಧೀನದಲ್ಲಿದ್ದ ಈ ನಾಡಿನ ಮೇಲೆ, 1950ರ ದಶಕದ ನಡುವಿನಲ್ಲಿ ಭಾರತ ಸರಕಾರವು ಆರ್ಥಿಕ ದಿಗ್ಬಂಧನವನ್ನು ವಿಧಿಸಿದಾಗ, ಇಲ್ಲಿನ ಆಡಳಿತವು ವಿದೇಶದ ಸರಕಿಗೆ ಬಂದರಿನ ಬಾಗಿಲನ್ನು ಅಗಲವಾಗಿ ತೆರೆದಿಟ್ಟಿತು. ಅದೇ ಕಾಲಕ್ಕೆ ಕಬ್ಬಿಣದ ಅದಿರಿನ ರಫ್ತು ಏರಿ, ಗಣಿಯ ಹಣವು ಕೈಗೆ ಕೈ ದಾಟತೊಡಗಿದ್ದರಿಂದ, ಬೆಳಗಾವಿ ಧಾರವಾಡಗಳಲ್ಲಿ ಅಪರೂಪವೆನಿಸಿದ್ದ ಮರ್ಸಿಡಿಸ್, ಓಪೆಲ್, ಫೋಕ್ಸ್‌ವ್ಯಾಗನ್ ಕಾರುಗಳು ಮಡಗಾಂವದ ಬೀದಿಗಳಲ್ಲಿ ನಿತ್ಯದ ನೋಟವಾದವು. ಪೋರ್ತುಗಲ್ ದೇಶವೇ 1928ರಲ್ಲಿ ರಸ್ತೆಯ ಬಲಬದಿಗೆ ಹೊರಳಿದ್ದರೂ, ನೆರೆಯ ಭಾರತದ ಪದ್ಧತಿಗೆ ಹೊಂದಿಕೊಂಡು ಗೋವೆ ಎಡಬದಿಯಲ್ಲೇ ಉಳಿಯಿತು. ಆದಕಾರಣ ವಿಮೋಚನೆಯಾದಾಗ ಚಾಲಕರು ರಸ್ತೆಯ ಬದಿಯನ್ನು ಬದಲಿಸಬೇಕಾಗಲಿಲ್ಲ. ಬದಲಾದದ್ದು ಬಿಡಿಭಾಗಗಳ ಪೂರೈಕೆ. ಭಾರತದ ಆಮದು ನಿರ್ಬಂಧಗಳು ಇಲ್ಲಿಗೂ ಅನ್ವಯವಾದ ಮೇಲೆ ಜರ್ಮನಿಯ ಪಿಸ್ಟನ್ನು, ಜರ್ಮನಿಯ ಬ್ರೇಕಿನ ಪಂಪು ದುರ್ಲಭವಾದವು. ಹೀಗೆ ದುರ್ಲಭವಾದುದನ್ನು ಲೇತಿನಲ್ಲಿ ಕಡೆದು, ಬೇರೆ ಗಾಡಿಯಿಂದ ತಂದು ಹೊಂದಿಸಿ, ಗಾಡಿಗಳನ್ನು ಇಂದಿನವರೆಗೆ ಓಡಿಸಿದವರು ಗ್ಯಾರೇಜಿನ ಮೇಸ್ತ್ರಿಗಳು. ಅವರಲ್ಲಿ ಘಟ್ಟದ ಮೇಲಿನಿಂದ ಇಳಿದು ಬಂದ ನಮ್ಮವರೂ ಇದ್ದಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಇದರಿಂದಲೇ ಒಂದು ತೊಡಕು ಹುಟ್ಟಲಿದೆ.

ಈಗ ಮೂಲ ನಿಯಮಕ್ಕೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ. ಆ ಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಅವಧಿ ಮುಗಿಯುವ ಮುನ್ನಿನ 60 ದಿನಗಳೊಳಗೆ 25ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಗಾಡಿಯನ್ನು ಸಾರಿಗೆ ಕಚೇರಿಯ ನಿರೀಕ್ಷಕರ ಮುಂದೆ ನಿಲ್ಲಿಸಬೇಕು. ನಮ್ಮ ಕೆಪೆಯ ಕಚೇರಿಯಲ್ಲಿ ನೋಂದಣಿಯಾದ ಗಾಡಿಗಳ ಫಲಕದ ಮೇಲೆ ಜಿಎ 09 ಎಂದಿರುತ್ತದೆ. ಕರ್ನಾಟಕದ ಫಲಕವಿರುವ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡವರು ಮೂಲ ಕಚೇರಿಯ ನಿರಾಕ್ಷೇಪಣ ಪತ್ರವನ್ನು ತರಿಸಿ ಇಲ್ಲಿನ ಸಂಖ್ಯೆಯನ್ನು ಪಡೆಯಬೇಕೆಂಬುದನ್ನೂ ಪ್ರಸಂಗವಶಾತ್ ಹೇಳಿಬಿಡುತ್ತೇನೆ.

ನಿರೀಕ್ಷಕರು ದೀಪ, ಬ್ರೇಕು, ಹಾರ್ನು, ಟಾಯರುಗಳನ್ನು ನೋಡುತ್ತಾರೆ. ಇವುಗಳ ಜೊತೆಗೆ ನಡೆಯುವ ಇನ್ನೊಂದು ಚಿಕ್ಕ ಕೆಲಸವನ್ನು ನಿಮ್ಮ ಕಣ್ಣಿಗೆ ಕಟ್ಟುವಂತೆ ಹೇಳಬೇಕಾಗಿದೆ. ಚಾಸಿಯ ಉಕ್ಕಿನಲ್ಲಿ ಕೊರೆದಿರುವ ಸಂಖ್ಯೆಯ ಮೇಲೆ ತೆಳ್ಳನೆಯ ಕಾಗದವೊಂದನ್ನು ಬಿಗಿಯಾಗಿ ಹಿಡಿದು, ಸೀಸದ ಕಡ್ಡಿಯನ್ನು ಓರೆಯಾಗಿಟ್ಟು, ಮೆಲ್ಲಮೆಲ್ಲನೆ ಉಜ್ಜುತ್ತಾರೆ. ಕಾಗದವೆಲ್ಲ ಕಪ್ಪಾಗುತ್ತ ಬರುತ್ತದೆ. ಉಕ್ಕು ತಗ್ಗಾಗಿರುವೆಡೆಯಲ್ಲಿ ಮಾತ್ರ ಅಂಕಿಗಳು ಒಂದೊಂದಾಗಿ ಬೆಳ್ಳಗೆ ಮೂಡುತ್ತವೆ. ಆ ಅಂಕಿಗಳು ಆರ್‌ಸಿ ಪುಸ್ತಕದ ಅಂಕಿಗಳೊಡನೆ ತಾಳೆಯಾದರೆ, ಎದುರಿಗಿರುವುದು ಪುಸ್ತಕದಲ್ಲಿರುವ ಗಾಡಿಯೇ ಎಂಬುದಕ್ಕೆ ಸಾಕ್ಷಿ ದೊರೆತಂತಾಯಿತು. ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಸುರಿಯುವ ಈ ನಾಡಿನಲ್ಲಿ, ಕೆಮ್ಮಣ್ಣಿನ ಕೆಸರು ಅಡಿಗೆ ಮೆತ್ತಿಕೊಂಡು ನಲವತ್ತು ಮಳೆಗಾಲಗಳನ್ನು ಕಳೆದ ಗಾಡಿಯ ಅಂಕಿಗಳನ್ನು ತುಕ್ಕು ತಿಂದಿರುವುದು ಸಹಜ. ಇಲ್ಲಿ ಒಡೆಯರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಅಂಕಿ ಕಾಣಲೆಂದು ಮರಳು ಕಾಗದದಿಂದ ಬಲವಾಗಿ ತಿಕ್ಕಬೇಡಿ. ತಿಕ್ಕಿ ಅಳಿಸಿದ ಅಂಕಿ ಕಳವಿನ ಶಂಕೆಗೆ ಎಡೆಗೊಡುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಾಳ್ಮೆಯಾಗಿ ಒರಸಿದರೆ ಸಾಕಾಗುತ್ತದೆ.

ಇದುವರೆಗೆ ಹೇಳಿದ್ದು ಬಹುಕಾಲದಿಂದ ನಡೆದು ಬಂದ ಕ್ರಮ: 15 ವರ್ಷ, ಆ ಮೇಲೆ ಐದೈದು ವರ್ಷ, ಪ್ರತಿ ಸಲವೂ ಪರೀಕ್ಷೆ. ಇನ್ನು ಬದಲಾದದ್ದು ಯಾವುದು ಎಂಬುದನ್ನು ನೋಡೋಣ.

ಬದಲಾದವುಗಳಲ್ಲಿ ಮೊದಲನೆಯದು ಶುಲ್ಕ. 15 ವರ್ಷ ಮೀರಿದ ಕಾರಿನ ನವೀಕರಣಕ್ಕೆ ಹಿಂದೆ 600 ರೂಪಾಯಿಯಿತ್ತು. 2022ರ ಏಪ್ರಿಲ್ 1ರಿಂದ ಅದು 5000 ರೂಪಾಯಿಯಾಯಿತು. 2025ರ ಆಗಸ್ಟ್ ತಿಂಗಳಿನಲ್ಲಿ ಹೊರಟ ಅಧಿಸೂಚನೆಯು 20 ವರ್ಷ ಮೀರಿದ ಗಾಡಿಗಳಿಗೆ ಪ್ರತ್ಯೇಕವಾದ ದರವನ್ನು ಗೊತ್ತುಮಾಡಿತು: ಕಾರಿಗೆ 10,000, ಮೋಟಾರು ಸೈಕಲ್ಲಿಗೆ 2000, ವಿದೇಶದಿಂದ ಆಮದಾದ ಕಾರಿಗೆ 80,000 ರೂಪಾಯಿ. ತಡಮಾಡಿದ ಕಾರಿನ ಒಡೆಯರಿಗೆ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಬೀಳುತ್ತದೆ. ಹೊಗೆ ಕಾರುವ, ಬ್ರೇಕು ಹಿಡಿಯದ ಗಾಡಿಗಳು ರಸ್ತೆಯಿಂದ ತೊಲಗಲಿ ಎಂಬ ಆಶಯ ಇದರ ಹಿಂದಿದೆ. ಆಶಯವು ಸಾಧುವಾದುದೇ. ಆದರೆ ಇದೇ ಕೇಂದ್ರ ಸರಕಾರವು 2021ರಲ್ಲಿ ಗುಜರಿ ನೀತಿಯನ್ನು ಸಾರಿದಾಗ, ಗಾಡಿಯನ್ನು ವಯಸ್ಸು ನೋಡಿ ಮಾತ್ರವೇ ಒಡೆಯುವುದಿಲ್ಲ, ಪರೀಕ್ಷೆಯಲ್ಲಿ ಅಸಮರ್ಥವೆಂದು ಕಂಡರೆ ಒಡೆಯಲಾಗುವುದು ಎಂದಿತ್ತು. ಪರೀಕ್ಷೆಯಲ್ಲಿ ನಿರ್ದುಷ್ಟವೆಂದು ತೇರ್ಗಡೆಯಾದ ಗಾಡಿಗೂ ವಯಸ್ಸಿನ ಕಾರಣದಿಂದಲೇ ಶುಲ್ಕವನ್ನು ಹೆಚ್ಚಿಸುವುದು ಆ ಮಾತಿಗೆ ಹೊಂದುವುದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದು, 2021ರ ಜುಲೈ 15ರಂದು ಪ್ರಕಟವಾದ ವಿಂಟೇಜ್ ವಾಹನಗಳ ನಿಯಮ. ಹಳೆಯ ಗಾಡಿಗಳಿಗೆ ದೇಶದ ಕಾನೂನಿನಲ್ಲಿ ಒಂದು ಗೌರವದ ಸ್ಥಾನವನ್ನು ಮೊತ್ತಮೊದಲು ಕೊಟ್ಟದ್ದು ಇದು. ಅದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಮೊದಲ ನೋಂದಣಿಯಿಂದ 50 ವರ್ಷ ಕಳೆದ ಕಾರು ಮತ್ತು ಮೋಟಾರು ಸೈಕಲ್ಲುಗಳು, ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡನ್ನು ಹೊಂದದೆ ಮೂಲ ರೂಪದಲ್ಲಿಯೇ ಉಳಿದಿದ್ದರೆ, ಅವುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5000 ರೂಪಾಯಿ. ಹೊಸದಾಗಿ ಸಂಖ್ಯೆ ಪಡೆಯುವ ಗಾಡಿಯ ಫಲಕದ ಮೇಲೆ ರಾಜ್ಯದ ಅಕ್ಷರಗಳ ಬಳಿಕ ವಿಎ ಎಂಬೆರಡು ಅಕ್ಷರಗಳು ಬರುತ್ತವೆ. ಮೊದಲೇ ನೋಂದಣಿಯಿದ್ದ ಗಾಡಿಯು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇಷ್ಟಕ್ಕೆ ಪ್ರತಿಯಾಗಿ ಒಂದು ನಿರ್ಬಂಧವುಂಟು. ವಿಂಟೇಜ್ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು ತುಂಬಿಸುವುದಕ್ಕೆ, ದುರಸ್ತಿಗೆ ಮಾತ್ರ ಅದು ರಸ್ತೆಗೆ ಇಳಿಯಬಹುದು.

ಹಾಗಾದರೆ ಹಳೆಯ ಕಾರಿನ ಒಡೆಯರು ಯಾವ ಹಾದಿಯನ್ನು ಹಿಡಿಯಬೇಕು? ಲೆಕ್ಕವನ್ನು ನಿಧಾನವಾಗಿ ಹಾಕೋಣ. ಪೋರ್ತುಗೀಜರ ಕಾಲದಲ್ಲಿ ಬಂದಿಳಿದ ಫೋಕ್ಸ್‌ವ್ಯಾಗನ್ ಒಂದಿದೆ ಎನ್ನಿ. ಅದು ಆಮದಾದ ಕಾರು. ಸಾಧಾರಣ ನವೀಕರಣಕ್ಕೆ ಐದು ವರ್ಷಕ್ಕೊಮ್ಮೆ 80,000ದಂತೆ, ಹತ್ತು ವರ್ಷಕ್ಕೆ 1,60,000 ರೂಪಾಯಿಯಾಗುತ್ತದೆ. ವಿಂಟೇಜ್ ಆದರೆ ಅದೇ ಹತ್ತು ವರ್ಷಕ್ಕೆ 20,000 ಸಾಕು. ಇಲ್ಲಿ ಹೊಸ ನಿಯಮವು ಒಡೆಯರಿಗೆ ನಿಜವಾದ ಉಪಕಾರವನ್ನೇ ಮಾಡಿದೆ. ಇನ್ನು 1970ರ ಅಂಬಾಸಿಡರನ್ನು ತೆಗೆದುಕೊಳ್ಳಿ. ಸಾಧಾರಣ ನವೀಕರಣಕ್ಕೂ ಹತ್ತು ವರ್ಷಕ್ಕೆ 20,000. ವಿಂಟೇಜ್ ನೋಂದಣಿಗೂ 20,000. ಹಣ ಒಂದೇ, ಮೊದಲ ಹಾದಿಯಲ್ಲಿ ಸಂತೆಗೂ ಮದುವೆಗೂ ಕಾರನ್ನು ಒಯ್ಯಬಹುದು, ಎರಡನೆಯದರಲ್ಲಿ ಒಯ್ಯಲಾಗದು. ಕಾರನ್ನು ಮನೆಯವರೆಲ್ಲ ಬಳಸುತ್ತಿದ್ದರೆ ಆತುರಪಟ್ಟು ವಿಂಟೇಜ್ ಅರ್ಜಿಯನ್ನು ತುಂಬಬೇಡಿರೆಂದು ನಾನು ಹೇಳುತ್ತೇನೆ. ಮೊದಲ ಹತ್ತು ವರ್ಷ ಕಳೆದ ಮೇಲೆ ಮರುನೋಂದಣಿ ಅಗ್ಗವೆಂಬುದನ್ನೂ ಎಣಿಸಿ ನಿರ್ಧರಿಸಿ.

ಶುಲ್ಕದ ಮಾತಾಯಿತು, ವಿಂಟೇಜಿನ ಮಾತಾಯಿತು. ಈಗ ಇವೆರಡರ ನಡುವೆ ಸಿಲುಕಿದ ಗಾಡಿಗಳ ಕಡೆಗೆ ಹೊರಳುತ್ತೇನೆ. ನನ್ನ ಮನಸ್ಸು ಇಂದು ನಿಂತಿರುವುದು ಇವುಗಳ ಮೇಲೆಯೇ.

20 ವರ್ಷ ದಾಟಿ, 50 ವರ್ಷ ತುಂಬದ ಗಾಡಿಗಳು ಯಾವುವು? 1974ರಿಂದ ಪದ್ಮಿನಿಯೆಂಬ ಹೆಸರನ್ನು ಹೊತ್ತ ಪ್ರೀಮಿಯರ್ ಕಾರುಗಳಲ್ಲಿ ಬಹುಪಾಲು. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800. ಅದರ ಮರುವರ್ಷದ ಕಾಂಟೆಸ್ಸಾ. ಗಣಿಯ ದಾರಿಗಳಲ್ಲಿ ಅದಿರಿನ ಧೂಳನ್ನು ಹೊತ್ತು ದುಡಿದ ಮಹೀಂದ್ರ ಜೀಪುಗಳು. ಆಮದಾದ ಕಾರುಗಳನ್ನು ಉಳ್ಳವರು ಉಳಿಸಿಕೊಂಡರು, ಅಂಥವುಗಳಿಗೆ ನುವೆಂನಲ್ಲಿ ಅಶ್ವೇಕ್ ಸಂಗ್ರಹಾಲಯವಿದೆ, ನಮ್ಮ ಧರ್ಮಸ್ಥಳದಲ್ಲಿ ಸಂಗ್ರಹವಿದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಸಂಗ್ರಹಾಲಯವಿದೆ. ಆದರೆ ಸಾಧಾರಣ ಗೃಹಸ್ಥನು ತನ್ನ ದುಡಿಮೆಯಿಂದ ಕೊಂಡ ಮೊದಲ ಕಾರು, ಮೇಷ್ಟರ ಮನೆಯ ಪದ್ಮಿನಿ, ಗುತ್ತಿಗೆದಾರನ ಜೀಪು, ಇವೆಲ್ಲ ಈ ಮೂವತ್ತು ವರ್ಷಗಳ ಕಂದರದಲ್ಲಿವೆ. ಕಾನೂನಿನ ದೃಷ್ಟಿಯಲ್ಲಿ ಇವು ಹೊಸವಲ್ಲ, ಪರಂಪರೆಯೂ ಅಲ್ಲ, ಬರಿದೆ ಹಳೆಯವು. 1978ರ ಪದ್ಮಿನಿಯು 50 ವರ್ಷವನ್ನು ಮುಟ್ಟುವುದರೊಳಗೆ ಅದರ ಒಡೆಯನು ಕೈಸೋತು ಗುಜರಿಗೆ ಹಾಕಿದರೆ, ಮುಂದೆ ವಿಂಟೇಜ್ ಎಂದು ಗೌರವಿಸಲು ಉಳಿಯುವುದಾದರೂ ಏನು? ಐವತ್ತರ ಗಾಡಿ ಬೇಕಾದರೆ ನಲವತ್ತರ ಗಾಡಿಯನ್ನು ಬದುಕಿಸಬೇಕು.

ಮಾರ್ಪಡಿಸಿದ ಗಾಡಿಗಳ ಕಷ್ಟ ಬೇರೆಯದು. 1988ರ ಕಾಯ್ದೆಯ 52ನೆಯ ಕಲಮು ಮೊದಲು ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆದು ಗಾಡಿಯನ್ನು ಮಾರ್ಪಡಿಸಲು ಎಡೆಕೊಟ್ಟಿತ್ತು. 2000ದ ತಿದ್ದುಪಡಿಯ ತರುವಾಯ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಯಾವ ಮಾರ್ಪಾಡನ್ನೂ ಮಾಡಕೂಡದೆಂಬುದು ಸಾಮಾನ್ಯ ನಿಯಮವಾಯಿತು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡವನ್ನು, ಇಲ್ಲವೆ ಆರು ತಿಂಗಳವರೆಗಿನ ಸೆರೆಯನ್ನು, ಇಲ್ಲವೆ ಎರಡನ್ನೂ ವಿಧಿಸಿತು. ಕಿವಿ ಬಿರಿಯುವಂತೆ ಸದ್ದುಮಾಡುವ ಸೈಲೆನ್ಸರು, 2012ರಲ್ಲಿಯೇ ನ್ಯಾಯಾಲಯ ನಿಷೇಧಿಸಿದ ಗಾಜಿನ ಕಪ್ಪು ಹಾಳೆ, ಪಾದಚಾರಿಗೆ ಮಾರಕವಾಗುವ ಉಕ್ಕಿನ ಮುಂಗಂಬಿ, ಮಡ್‌ಗಾರ್ಡನ್ನು ಮೀರಿ ಹೊರಚಾಚಿದ ಟಾಯರು, ಇವುಗಳ ಪರವಾಗಿ ನಾನು ಒಂದು ಮಾತನ್ನೂ ಆಡಲಾರೆ. ಸಿಎನ್‌ಜಿ, ಎಲ್‌ಪಿಜಿ, ವಿದ್ಯುತ್ ಕಿಟ್ಟುಗಳಿಗೆ, ಅಂಗವಿಕಲರ ಅನುಕೂಲದ ಮಾರ್ಪಾಡಿಗೆ ಕಾನೂನೇ ದಾರಿಯನ್ನು ತೆರೆದಿದೆ. ಅಂಗೀಕೃತ ಕಿಟ್ಟನ್ನು ಕೂಡಿಸಿ ಆರ್‌ಸಿಯಲ್ಲಿ ದಾಖಲು ಮಾಡಿಸಿದರಾಯಿತು.

ನಾನು ಮೊದಲು ಹೇಳಿದ ತೊಡಕು ಈಗ ಬಂತು. ಪೆಟ್ರೋಲಿನ ಬೆಲೆ ಏರಿದ ಕಾಲದಲ್ಲಿ ಅನೇಕ ಅಂಬಾಸಿಡರುಗಳ, ಜೀಪುಗಳ ಪೆಟ್ರೋಲ್ ಎಂಜಿನ್ನನ್ನು ತೆಗೆದು ಡೀಸೆಲ್ ಎಂಜಿನ್ನನ್ನು ಕೂಡಿಸಿದರು. ಅಂದಿನ ಕಾನೂನಿನಂತೆ ಅನುಮತಿಯನ್ನು ಪಡೆದರು. ಅಧಿಕಾರಿಯು ಆರ್‌ಸಿ ಪುಸ್ತಕದಲ್ಲಿ ಷರಾ ಬರೆದು ಮೊಹರು ಒತ್ತಿದನು. ಆ ಗಾಡಿಗೆ ಈಗ 50 ತುಂಬಿದೆ. ಆದರೆ ಎಂಜಿನ್ ಮೂಲದ್ದಲ್ಲವಾದುದರಿಂದ ವಿಂಟೇಜ್ ನಿಯಮದ ಅಕ್ಷರಕ್ಕೆ ಅದು ನಿಲ್ಲದು. ಬಿಡಿಭಾಗ ದೊರೆಯದೆ ಮೇಸ್ತ್ರಿಯು ಬೇರೆ ಎಂಜಿನ್ನಿನಿಂದ ಬದುಕಿಸಿದ ಓಪೆಲ್‌ನ ಗತಿಯೂ ಅದೇ. ಅಂದು ಕಾನೂನು ಒಪ್ಪಿದ್ದು ಇಂದು ಕಾನೂನಿಗೆ ಕಳಂಕವಾಗಿ ಕಾಣುತ್ತಿದೆ. ನಮ್ಮ ಕೆಪೆಯಲ್ಲಿಯೇ ಕುಶಾವತಿಯ ದಂಡೆಯ ಮೇಲೆ 1787ರಲ್ಲಿ ಕಟ್ಟಿದ ದೇಯಾಂವ್ ಅರಮನೆಯಿದೆ. ಜೀರ್ಣೋದ್ಧಾರವಾಯಿತೆಂದು ಅದರ ಪ್ರಾಚೀನತೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಿದ ಮನೆ ಹೊಸ ಮನೆಯಾಗುವುದೂ ಇಲ್ಲ. ಗಾಡಿಯ ವಿಷಯದಲ್ಲಿಯೂ ಹಾಗೆ ಎಣಿಸಬಾರದೇಕೆ?

ಹೊರದೇಶಗಳ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ 40 ವರ್ಷ ಮೀರಿದ ಕಾರುಗಳಿಗೆ ವಾರ್ಷಿಕ ಪರೀಕ್ಷೆಯೇ ಕಡ್ಡಾಯವಲ್ಲ. ಹಿಂದಿನ 30 ವರ್ಷಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು, ಅಷ್ಟೆ. ಪರೀಕ್ಷೆಯನ್ನೇ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಿಲ್ಲ. ಬ್ರೇಕು ಹಿಡಿಯದ ಗಾಡಿಗೆ ಎಷ್ಟು ವಯಸ್ಸಾದರೇನು, ಎದುರಿಗೆ ಬರುವ ಮಗುವಿಗೆ ಅದು ಅಪಾಯವೇ. ಜರ್ಮನಿಯ ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ 30 ವರ್ಷ ತುಂಬಿದ ಗಾಡಿಯನ್ನು ತಜ್ಞರು ಪರೀಕ್ಷಿಸಿ ಫಲಕದ ಕೊನೆಗೆ ಎಚ್ ಎಂಬ ಅಕ್ಷರವನ್ನು ಕೊಡುತ್ತಾರೆ. ಆ ಗಾಡಿಯ ಕಾಲದಲ್ಲಿಯೇ ರೂಢಿಯಲ್ಲಿದ್ದ ಮಾರ್ಪಾಡುಗಳನ್ನು ದೋಷವೆಂದು ತಳ್ಳುವುದಿಲ್ಲ.

ಈಗ ಪರೀಕ್ಷೆಯ ವಿಧಾನವೂ ಬದಲಾಗುತ್ತಿದೆ. 2021ರ ಸೆಪ್ಟೆಂಬರಿನ ನಿಯಮಗಳ ಮೇರೆಗೆ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳು ದೇಶದಲ್ಲಿ ಸ್ಥಾಪನೆಯಾಗುತ್ತಿವೆ. ಮೊದಲ ಸರದಿ ಲಾರಿ ಬಸ್ಸುಗಳದು. ಗಾಡಿಯ ಚಕ್ರಗಳನ್ನು ನೆಲದಲ್ಲಿ ಹೂತ ಉರುಳೆಗಳ ಮೇಲೆ ನಿಲ್ಲಿಸಿ, ಉರುಳೆಗಳನ್ನು ತಿರುಗಿಸಿ, ಬ್ರೇಕು ಒತ್ತಿದಾಗ ಒಂದೊಂದು ಚಕ್ರವೂ ಎಷ್ಟು ಬಲವಾಗಿ ತಡೆಯುತ್ತದೆಂಬುದನ್ನು ಯಂತ್ರವು ಅಳೆಯುತ್ತದೆ. ಮುಖ ನೋಡದ ಈ ಯಂತ್ರ ನ್ಯಾಯವಾದುದೇ. ಆದರೆ ಅದರ ಅಳತೆಗೋಲನ್ನು ಗಾಡಿ ಹುಟ್ಟಿದ ವರ್ಷಕ್ಕೆ ತಕ್ಕಂತೆ ಹೊಂದಿಸಿರಬೇಕು. ಇದು ಅಸಾಧ್ಯವೇನಲ್ಲ. ಹೊಗೆ ತಪಾಸಣೆಯಲ್ಲಿ ಇದು ಆಗಲೇ ನಡೆದಿದೆ: ಭಾರತ್ ಸ್ಟೇಜ್ ಎಂಬ ಹೊಗೆಯ ಮಾನಗಳಲ್ಲಿ ಎರಡನೆಯದಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಹೊಗೆಯಲ್ಲಿ ನೂರಕ್ಕೆ 3ರವರೆಗೆ ಕಾರ್ಬನ್ ಮಾನಾಕ್ಸೈಡನ್ನು ಒಪ್ಪುತ್ತಾರೆ, ಎರಡನೆಯ, ಮೂರನೆಯ ಸ್ಟೇಜಿನವುಗಳಿಗೆ ನೂರಕ್ಕೆ ಅರ್ಧವೇ ಮಿತಿ. ಕಾರ್ಬುರೇಟರಿನ ಕಾರನ್ನು ತಪಾಸಣೆಗೆ ಒಯ್ಯುವವರು ಎಂಜಿನ್ನನ್ನು ಚೆನ್ನಾಗಿ ಬಿಸಿಮಾಡಿಕೊಂಡು ಹೋಗಬೇಕು. ಚೋಕನ್ನು ಪೂರ್ತಿ ಒಳಗೆ ತಳ್ಳಿರಬೇಕು. ಹಿಂದಿನ ದಿನವೇ ಪ್ಲಗ್ಗನ್ನು ಬಿಚ್ಚಿ ನೋಡಿ: ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿ ಉರಿಯುತ್ತಿದೆ, ತಿಳಿಗಂದು ಬಣ್ಣವಿದ್ದರೆ ಹದವಾಗಿದೆ. ಮಸಿಯಿದ್ದರೆ ಮೇಸ್ತ್ರಿಯು ಮಿಶ್ರಣದ ತಿರುಪನ್ನು ಕಿವಿಗೊಟ್ಟು ಕೇಳುತ್ತ, ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಸರಿಪಡಿಸಬಲ್ಲನು.

ಇಷ್ಟೆಲ್ಲವನ್ನು ಕೇಳಿ, ನಾವು ಮಾಡತಕ್ಕದ್ದೇನು ಎಂದು ನೀವು ಕೇಳಬಹುದು. ಮೋಟಾರು ವಾಹನ ಕಾಯ್ದೆಯ 212ನೆಯ ಕಲಮಿನಂತೆ ಯಾವ ನಿಯಮವನ್ನೂ ಮೊದಲು ಕರಡಾಗಿ ಪ್ರಕಟಿಸಿದ ಮೇಲೆಯೇ ಜಾರಿಗೆ ತರಬೇಕು. ಆಕ್ಷೇಪ, ಸಲಹೆಗಳಿಗೆ ಸಾಮಾನ್ಯವಾಗಿ 30 ದಿನಗಳ ಕಾಲಾವಕಾಶವಿರುತ್ತದೆ. ಮುಂದಿನ ಕರಡು ಬಂದಾಗ ಸುಮ್ಮನಿರಬೇಡಿ. ನಾನಾದರೆ ಹೀಗೆ ಬರೆಯುತ್ತೇನೆ: 30 ವರ್ಷ ತುಂಬಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಗಾಡಿಗೆ ಹಳೆಯ ಶುಲ್ಕವೇ ಇರಲಿ, ಆ ಕಾಲದ ಅಧಿಕಾರಿಯ ಒಪ್ಪಿಗೆಯಿಂದಾದ ಮಾರ್ಪಾಡು ವಿಂಟೇಜ್ ನೋಂದಣಿಗೆ ಅಡ್ಡಿಯಾಗದಿರಲಿ, ಯಂತ್ರಪರೀಕ್ಷೆಯ ಮಿತಿಗಳು ತಯಾರಿಕೆಯ ವರ್ಷವನ್ನು ಅನುಸರಿಸಿರಲಿ. ಪತ್ರ ಚಿಕ್ಕದಾಗಿದ್ದರೆ ಸಾಕು. ನಿಮ್ಮ ಗಾಡಿಯ ಹೆಸರು, ವರ್ಷ, ಅದು ಎಷ್ಟು ಸಲ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂಬುದನ್ನು ನಮೂದಿಸಿ. ಹಳೆಯ ಆರ್‌ಸಿ ಪುಸ್ತಕದ ನಕಲನ್ನು ಲಗತ್ತಿಸಿ. ಎಂಜಿನ್ ಬದಲಾವಣೆಗೆ ಅನುಮತಿಯಿತ್ತ ಅಧಿಕಾರಿಯ ಷರಾ ಮತ್ತು ಮೊಹರು ಇರುವ ಪುಟವನ್ನಂತೂ ಮರೆಯಲೇಬೇಡಿ. ಶಾಯಿ ಮಾಸಿದ್ದರೆ ಈ ವಾರದಲ್ಲಿಯೇ ಅದರ ಒಂದು ಪ್ರತಿಯನ್ನು ತೆಗೆಸಿಟ್ಟುಕೊಳ್ಳಿ.